ಪಾಂಡವರು ಅಂತ ಕೂಡಿಸಿದ ಕಲ್ಲು

— ಕಮಲಾಪುರದ ಕಡಿ ನಿಲಿಸುಗಲ್ಲು ಇಲ್ಲ ಅಂತ ನೀವು ಬರದದ್ದು ನನಗ ಒಪ್ಪಿಗಿ ಆಗಿಲ್ಲ ನೋಡ್ರಿ. ನಾವು ವರ್ಷಾ ನಿಲ್ಲಸ್ತೀವಿ. ಎಳ್ಳಮಾಸಿ ದಿನ ನಮ್ಮ ಹೊಲಕ್ಕ ಬಂದು ನೋಡ್ರಿ.

— ನಾನು ಬರೆದದ್ದು ಎರಡು-ಮೂರು ಸಾವಿರ ವರ್ಷ ಹಿಂದಿನ ಕಲ್ಲುಗಳ ಮಾತು. ಕಬ್ಬಿಣ ಕಾಯಿಸಿ ಬಡಿಯಲು ಕಲಿತ ಜನ ತಮ್ಮ ಸತ್ತವರಿಗಾಗಿ ನಿಲ್ಲಿಸಿದ ಕಲ್ಲು, ಹಾಸಿದ ಕಲ್ಲು, ಸುತ್ತು ಕಟ್ಟಿದ ಕಲ್ಲು. ಬೃಹತ್ ಶಿಲಾ ಸಂಸ್ಕೃತಿ ಅಂತ ಪಾಠದಲ್ಲಿ ಬರುತ್ತದಲ್ಲ, ಅದು. ಅಂಥ ಎತ್ತರದ ಚಪ್ಪಡಿ ನಿಮ್ಮ ಕಡೆ ಏಳುವುದಿಲ್ಲ ಅನ್ನುವುದಕ್ಕೆ ಕಾರಣ ಇದೆ. ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು ಹೋಗುವಾಗ ಎಡಬಲ ನೋಡಿ. ಎರೆಭೂಮಿ, ನಡುನಡುವೆ ಕೆಂಪು ಜಂಬಿಟ್ಟಿಗೆಯ ದಿಬ್ಬ. ಕೆಳಗಿರುವುದು ಲಾವಾ ಹರಿದು ಗಟ್ಟಿಯಾದ ಕರಿಕಲ್ಲು. ಅದು ಒಡೆದರೆ ಗುಂಡು ಗುಂಡಾಗಿ ಒಡೆಯುತ್ತದೆ. ಶಹಾಬಾದ್, ವಾಡಿ, ಸೇಡಂ ಕಡೆ ಹೋದರೆ ಹಾಸುಗಲ್ಲಿನ ನೆಲ, ಹೊಲದ ಬೇಲಿಗೂ ಚಪ್ಪಡಿಯನ್ನೇ ಸಾಲಾಗಿ ನೆಡುತ್ತಾರೆ. ಭೀಮಾ ದಾಟಿ ಶಹಾಪುರ, ಸುರಪುರಕ್ಕೆ ಹೋದರೆ ಗ್ರಾನೈಟ್ ಗುಡ್ಡ. ಗ್ರಾನೈಟು ಬಿಸಿಲು-ಚಳಿಗೆ ಪದರು ಪದರಾಗಿ ತಾನೇ ಬಿಡುತ್ತದೆ. ಸಂದಿಗೆ ಸನ್ನೆಗೋಲು ಹಾಕಿ ಎಬ್ಬಿಸಿದರೆ ಗೋಡೆಯಷ್ಟು ದೊಡ್ಡ ಹಲಗೆ ಸಿಗುತ್ತದೆ. ಕಲ್ಲು ಎಂಥದೋ ಗೋರಿ ಅಂಥದು. ನಾಗಪುರದ ಹತ್ತಿರ ಜುನಾಪಾಣಿಯಲ್ಲೂ ನಿಮ್ಮ ಹಾಗೆ ಕರಿಕಲ್ಲು. ಅಲ್ಲಿ ಗುಂಡುಗಳನ್ನೇ ಸುತ್ತಲೂ ಜೋಡಿಸಿ ವೃತ್ತ ಮಾಡಿದ್ದಾರೆ.

— ಹಂಗಾದ್ರ ನಮ್ಮ ಭಾಗದಾಗ ಖರೇ ದೊಡ್ಡ ಕಲ್ಲು ನೋಡಬೇಕಂದ್ರ ಎಲ್ಲಿಗಿ ಹೋಗಬೇಕು?

— ವಿಭೂತಿಹಳ್ಳಿಗೆ. ಶಹಾಪುರದ ಪಕ್ಕದಲ್ಲೇ ಇದೆ. ಮೊದಲು ನಮ್ಮ ಜಿಲ್ಲೆಯೇ ಆಗಿತ್ತು, ಈಗ ಯಾದಗಿರಿ. ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ತಾಣ. ಅಲ್ಲಿ ಮುಗಿಲಿಗೆ ಚಾಚಿದ ಕಂಬ ಹುಡುಕಬೇಡಿ. ಇರುವುದು ಗುಂಡುಬಂಡೆಗಳು, ನೂರಾರು, ಹೆಚ್ಚಿನವು ಸೊಂಟದೆತ್ತರ. ಹೊಲದಂಥ ಬಯಲಲ್ಲಿ ಒಂದೊಂದೇ ಕೂತಿವೆ. ಮೊದಲ ನೋಟಕ್ಕೆ, ಗುಡ್ಡದಿಂದ ಉರುಳಿ ಬಂದವೇನೋ ಅನಿಸುತ್ತದೆ. ಒಂದು ಬಂಡೆಯ ಹಿಂದೆ ನಿಂತು ಕಣ್ಣು ನೇರ ಹಾಯಿಸಿ ನೋಡಿದರೆ ಅದರ ಮುಂದೆ ಇನ್ನೊಂದು, ಅದರ ಮುಂದೆ ಮತ್ತೊಂದು. ಬಲಕ್ಕೆ ಹೊರಳಿ ಓರೆಯಾಗಿ ನೋಡಿ, ಅಲ್ಲೂ ಸಾಲು. ಎಡಕ್ಕೆ ಓರೆಯಾಗಿ, ಅಲ್ಲೂ ಸಾಲು. ಉರುಳಿ ಬಂದ ಕಲ್ಲು ಹಾಗೆ ಕೂಡುವುದಿಲ್ಲ. ಯಾರೋ ಅಳೆದು, ಕೂಗಿ, ಹಿಂದೆ ಮುಂದೆ ಸರಿಸಿ ಕೂಡಿಸಿದ್ದಾರೆ. ಫ್ರಾಂಕ್ ಆಲ್ಚಿನ್ ಅನ್ನುವ ವಿದ್ವಾಂಸ 1956ರಲ್ಲಿ ಇಂಥ ಸಾಲುಗಲ್ಲುಗಳ ಮೇಲೇ ಒಂದು ಲೇಖನ ಬರೆದ. ಆಗ ನಮ್ಮದಿನ್ನೂ ಹೈದರಾಬಾದ್ ಸೀಮೆ. ಆಮೇಲೆ ಖಗೋಳ ವಿಜ್ಞಾನಿ ಎನ್. ಕಾಮೇಶ್ವರ ರಾವ್, ಪ್ರಿಯಾ ಠಾಕೂರ್ ಅವರ ಜೊತೆ ವಿಭೂತಿಹಳ್ಳಿಯ ದಿಕ್ಕುಗಳನ್ನು ಅಳೆದು, ಈ ಸಾಲುಗಳು ಸೂರ್ಯ ಬಡಗಣಕ್ಕೆ, ತೆಂಕಣಕ್ಕೆ ತಿರುಗುವ ದಿನಗಳನ್ನು ಹಿಡಿದಿಡಲು ಮಾಡಿದವು ಎಂದು ವಾದಿಸಿದರು. ನನಗೆ ಆ ವಾದ ಹಿಡಿಸುತ್ತದೆ. ಮಳೆ ಯಾವಾಗ, ಬಿತ್ತನೆ ಯಾವಾಗ ಅಂತ ಕಾಯುವ ಜನಕ್ಕೆ ಸೂರ್ಯನ ಜಾಗ ಗುರುತಿಡುವುದು ಹೊಟ್ಟೆಯ ಪ್ರಶ್ನೆ.

— ಈ ಕಲ್ಲೆಲ್ಲ ಮೊದಲ ಬರದು ಇಟ್ಟವ ಆಲ್ಚಿನ್ನೇ ಏನು?

— ಅಲ್ಲ. ಅವನಿಗಿಂತ ನೂರು ವರ್ಷ ಮೊದಲು ಸುರಪುರದಲ್ಲಿ ಮೆಡೋಸ್ ಟೇಲರ್ ಇದ್ದ. ರಾಜಾ ವೆಂಕಟಪ್ಪ ನಾಯಕ ಇನ್ನೂ ಹುಡುಗನಿದ್ದಾಗ ಸಂಸ್ಥಾನದ ಆಡಳಿತ ನೋಡಿಕೊಳ್ಳಲು ಬಂದವ, 1841ರಿಂದ 1853ರವರೆಗೆ. ಅವನ ಬಂಗಲೆ ಸುರಪುರದ ಗುಡ್ಡದ ಮೇಲೆ ಈಗಲೂ ಇದೆ, ಟೇಲರ್ ಮಂಜಿಲ್ ಅನ್ನುತ್ತಾರೆ. ಕಂದಾಯ, ಕೆರೆ, ರಸ್ತೆ ನೋಡಿ ಮುಗಿಸಿ ಕುದುರೆ ಹತ್ತಿ ಗೋರಿಗಲ್ಲು ಹುಡುಕುತ್ತಿದ್ದ. ನಮ್ಮ ಜೇವರ್ಗಿಯ ಕಲ್ಲುಗುಪ್ಪೆಗಳನ್ನು ಅಗೆಸಿದವನೂ ಅವನೇ. ಭೀಮೆಯ ದಂಡೆಯಲ್ಲಿ ಫಿರೋಜ್ ಶಾಹ ಕಟ್ಟಿಸಿದ ಫಿರೋಜಾಬಾದ್ ಪಾಳು ಕೋಟೆ ಇದೆಯಲ್ಲ, ಅದರ ಆಚೆ ಬದಿಗೆ. 1850ರ ದಶಕದಲ್ಲಿ ಮುಂಬಯಿಯ ಏಷ್ಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅದನ್ನು ಅಚ್ಚು ಹಾಕಿಸಿದ. ಸುತ್ತಲೂ ಕಲ್ಲಿನ ವೃತ್ತ, ನಡುವೆ ಕಲ್ಲು-ಮಣ್ಣಿನ ಗುಪ್ಪೆ, ಕೆಳಗೆ ಎಲುಬು, ಕಪ್ಪು-ಕೆಂಪು ಮಡಕೆ, ಕಬ್ಬಿಣದ ಭರ್ಚಿ ಮೊನೆ. ಕೆಲವು ಅಸ್ಥಿಪಂಜರಕ್ಕೆ ರುಂಡ ಇರಲಿಲ್ಲ. ಹಾಗಾಗಿ ನರಬಲಿ ಅಂದುಬಿಟ್ಟ. ಈಗಿನವರು ಹಾಗೆ ಹೇಳುವುದಿಲ್ಲ. ಹೆಣವನ್ನು ಒಂದಷ್ಟು ಕಾಲ ಬೇರೆ ಕಡೆ ಇಟ್ಟು, ಉಳಿದ ಎಲುಬು ಆಯ್ದು ತಂದು ಮತ್ತೆ ಹುಗಿಯುವ ಪದ್ಧತಿ ಇತ್ತು. ಹಾಗೆ ತರುವಾಗ ಎಲ್ಲ ಎಲುಬೂ ಬರುವುದಿಲ್ಲ. ಅವನ ಅರ್ಥ ಬಿದ್ದುಹೋಯಿತು, ಅವನ ನಕ್ಷೆ ಉಳಿಯಿತು. ಗುಂಡಿಯ ಗೋಡೆಯಲ್ಲಿ ಯಾವ ಪದರ ಎಲ್ಲಿ ಅಂತ ಬರೆದಿಟ್ಟ ಚಿತ್ರವನ್ನು ನೂರು ವರ್ಷದ ಮೇಲೆ ಮಾರ್ಟಿಮರ್ ವೀಲರ್‌ನಂಥವನು ಹೊಗಳಿದ.

— ಆ ಸಾಹೇಬ ಊರವರನ್ನ ಏನಾರ ಕೇಳಿದ್ನೋ ಇಲ್ಲೋ?

— ಕೇಳಿದ್ದಾನೆ. ಅದಕ್ಕೇ ಅವನ ಮೇಲೆ ನನಗೆ ಗೌರವ. ರಾಜನಕೋಳೂರಿನಲ್ಲಿ ನಾಲ್ಕು ಚಪ್ಪಡಿ ನಿಲ್ಲಿಸಿ ಮೇಲೊಂದು ಮುಚ್ಚಿದ ಕಲ್ಮನೆಗಳಿವೆ. ಊರವರು ಅವನ್ನು ಮೋರ್ಯರ ಮನೆ ಅಂದರು. ಮೋರ್ಯರು ಬಹಳ ಹಿಂದೆ ಇಲ್ಲಿದ್ದ ಗಿಡ್ಡ ಜನ, ಆದರೆ ಅಪಾರ ಬಲದವರು ಅಂದರು. ಟೇಲರ್ ಅದನ್ನು ಬರೆದಿಟ್ಟ. ಅದೇ ಹೆಸರು ಗಂಗಾವತಿ ಹತ್ತಿರದ ಹಿರೇಬೆಣಕಲ್ಲಿನಲ್ಲೂ ಇದೆ. ಅಲ್ಲಿ ಸುಮಾರು 400 ಗೋರಿಗಳು ಗುಡ್ಡದ ತುಂಬ, ಗುಡ್ಡಕ್ಕೇ ಮೋರ್ಯರ ಗುಡ್ಡ ಅಂತ ಹೆಸರು. ಕೊಡಗು, ಹಾಸನದ ಕಡೆಯೂ ಮೋರಿಯರು ಬರುತ್ತಾರೆ. ಇಷ್ಟು ದೂರ ದೂರದ ಊರುಗಳು ಒಂದೇ ಕಥೆ ಹೇಳುತ್ತವೆ.

— ಗಿಡ್ಡ ಜನ ಯಾಕ?

— ಕಲ್ಮನೆಯೊಳಗೆ ಮನುಷ್ಯ ನೆಟ್ಟಗೆ ನಿಲ್ಲಲಾರ. ಒಂದು ಬದಿಯ ಚಪ್ಪಡಿಗೆ ದುಂಡನೆ ಕಿಂಡಿ ಕೊರೆದಿರುತ್ತಾರೆ, ಅದರಲ್ಲಿ ದೊಡ್ಡವರು ತೂರಿ ಹೋಗುವುದು ಕಷ್ಟ. ಇದು ಮನೆ ಅಂದುಕೊಂಡ ಮೇಲೆ ಒಳಗಿದ್ದವರು ಗಿಡ್ಡರೇ ಆಗಬೇಕು. ಮೇಲಿನ ಚಪ್ಪಡಿ ಇಪ್ಪತ್ತು ಜನಕ್ಕೂ ಅಲ್ಲಾಡುವುದಿಲ್ಲ, ಆದ್ದರಿಂದ ಬಲಶಾಲಿಗಳೇ ಆಗಬೇಕು. ಕಣ್ಣಿಗೆ ಕಂಡದ್ದರಿಂದ ತರ್ಕ ಕಟ್ಟಿದ್ದಾರೆ. ಅ. ಸುಂದರ ಅವರು ಇಂಥ ಕೋಣೆಗೋರಿಗಳನ್ನು ಊರೂರು ತಿರುಗಿ ವಿಂಗಡಿಸಿ 1975ರಲ್ಲಿ ದೊಡ್ಡ ಪುಸ್ತಕವನ್ನೇ ಕೊಟ್ಟರು. ಕಿಂಡಿ ಯಾವ ದಿಕ್ಕಿಗೆ, ಕೋಣೆ ನೆಲದ ಮೇಲೋ ಒಳಗೋ, ಎಲ್ಲ ಲೆಕ್ಕ ಹಾಕಿದರು. ಮನೆಯಲ್ಲ, ಗೋರಿ. ಗಿಡ್ಡರಲ್ಲ, ನಮ್ಮಂಥವರೇ.

— ಅಂದ್ರ ಕಥಿ ಸುಳ್ಳು ಅಂತೀರಿ.

— ಇತಿಹಾಸವಾಗಿ ಸುಳ್ಳು. ಹಾಗೆ ಹೇಳದೆ ಇದ್ದರೆ ಮಕ್ಕಳಿಗೆ ಮೋಸ.

— ನೀವು ಸುಳ್ಳು ಅಂದ ಕಥಿಯೊಳಗ ಒಂದು ಖರೇ ಮಾತು ಅದಲ್ರೀ. ಇದು ನಮ್ಮ ಅಜ್ಜ ಮುತ್ತ್ಯಾ ಕಟ್ಟಿದ್ದಲ್ಲ, ನಮಕಿಂತ ಮದಲ ಇಲ್ಲಿ ಬ್ಯಾರೆ ಮಂದಿ ಇದ್ರು, ಈ ನೆಲ ಅವರದೂ ಆಗಿತ್ತು, ಇದನ್ನ ಯಾವ ಊರವರೂ ಮರತಿಲ್ಲ. ನಾವೇ ಕಟ್ಟಿದ್ವಿ ಅಂತ ಹೇಳ್ಕೊಂಡ್ರ ಯಾರು ಕೇಳ್ತಿದ್ರು? ಹೇಳ್ಕೊಂಡಿಲ್ಲ.

— ಅದು ನಿಜ. ಆ ದಿಕ್ಕಿನಲ್ಲಿ ನಾನು ಯೋಚಿಸಿರಲಿಲ್ಲ. ಹೊರದೇಶದ ಕಥೆಗಳಲ್ಲಿ ಇಷ್ಟು ಔದಾರ್ಯ ಕಡಿಮೆ. ಅಲ್ಲಿ ನಿಂತ ಕಲ್ಲೆಂದರೆ ಶಿಕ್ಷೆ. ಇಂಗ್ಲೆಂಡಿನ ರೋಲ್‌ರೈಟ್ ಕಲ್ಲುಗಳು, ಮಾಟಗಾತಿ ಕಲ್ಲು ಮಾಡಿದ ರಾಜ ಮತ್ತು ಅವನ ದಂಡು. ಅವನ್ನು ಎಷ್ಟು ಸಲ ಎಣಿಸಿದರೂ ಲೆಕ್ಕ ಸರಿಹೋಗುವುದಿಲ್ಲ ಅನ್ನುತ್ತಾರೆ. ಕಾರ್ನ್‌ವಾಲ್‌ನಲ್ಲಿ ಭಾನುವಾರ ಕುಣಿದ ತಪ್ಪಿಗೆ ಹುಡುಗಿಯರು ಕಲ್ಲಾದರು. ನಮ್ಮ ಮಲೆನಾಡು, ಕರಾವಳಿಯಲ್ಲೂ ಮದುವೆ ದಿಬ್ಬಣ ಕಲ್ಲಾದ ಕಥೆ ಉಂಟು. ಫ್ರಾನ್ಸಿನ ಕಾರ್ನಾಕ್‌ನಲ್ಲಿ ಸಾವಿರಾರು ಕಲ್ಲುಗಳ ಸಾಲಿದೆ. ಸಂತ ಕಾರ್ನೇಲಿಯನ್ನು ಅಟ್ಟಿಸಿಕೊಂಡು ಬಂದ ರೋಮನ್ ಸೈನಿಕರನ್ನು ಅವನು ತಿರುಗಿ ನೋಡಿ ಕಲ್ಲು ಮಾಡಿದ ಅಂತ ಕಥೆ. ಆ ಸಂತ ಅಲ್ಲಿ ಕೊಂಬಿನ ದನಗಳ ಕಾವಲುದೇವರು. ಸೆಪ್ಟೆಂಬರ್ ಜಾತ್ರೆಗೆ ರೈತರು ದನ ಹೊಡೆದುಕೊಂಡು ಬಂದು ಆಶೀರ್ವಾದ ಮಾಡಿಸುತ್ತಿದ್ದರು.

— ನಿಲ್ಲಿಸಿದ ಕಲ್ಲು, ಅದರ ಬಾಜೂಕ ದನ! ಇದು ನಮ್ಮ ಕಾರಹುಣ್ಣಿವಿ ಆಯ್ತಲ್ರೀ. ನಮ್ಮೂರ ಅಗಸ್ಯಾಗ ಒಂದು ಕಲ್ಲು ಅದ. ಎದಿಮಟ್ಟ ಅದ, ಎಣ್ಣಿ ಕುಡದು ಕುಡದು ಕರ್ರಗ ಆಗ್ಯದ, ಮ್ಯಾಲ ಕುಂಕುಮದ್ದು ಬೆರಳ ದಪ್ಪ ಪದರ. ಮೂಗಿಲ್ಲ, ಕಣ್ಣಿಲ್ಲ, ಬೆಳ್ಳಿ ಕಣ್ಣು ಹಚ್ಚೀವಿ. ಕಾರಹುಣ್ಣಿವಿ ದಿನ ಎತ್ತಿನ ಮೈ ತೊಳದು, ಕೋಡಿಗಿ ಬಣ್ಣ ಬಳದು, ಕರಿ ಹರಿಯೂಮುಂದ ಎತ್ತು ಆ ಕಲ್ಲಿನ ಬಾಜೂಕೇ ಓಡಬೇಕು. ಬ್ಯಾರೆ ಹಾದ್ಯಾಗ ಓಡಿದ್ರ ಆ ವರ್ಷದ್ದು ಲೆಕ್ಕಕ್ಕಿಲ್ಲ. ವರ್ಷಕ್ಕ ಎಳ್ಳು ಕಾಳಷ್ಟು ಬೆಳೀತದ ಅಂತ ನಮ್ಮತ್ತಿ ಹೇಳ್ತಾರ.

— ಅದು ಊರು ಕಟ್ಟುವಾಗ ನೆಟ್ಟ ಕರುಗಲ್ಲು ಇರಬಹುದು. ವೀರಗಲ್ಲೂ ಇರಬಹುದು. ಎರಡಕ್ಕೂ ಜೇವರ್ಗಿಯ ವೃತ್ತಕ್ಕೂ ಸಾವಿರ ವರ್ಷದ ಅಂತರ. ನಾನು ಬೇರೆ ಬೇರೆ ಮಾಡಿ ಹೇಳುವುದು ಅದಕ್ಕೇ. ಎಲ್ಲ ಕಲ್ಲನ್ನೂ ಒಂದೇ ಮಾಡಿಬಿಟ್ಟರೆ ಯಾವ ಕಲ್ಲೂ ತನ್ನ ಮಾತು ಹೇಳುವುದಿಲ್ಲ.

— ಬ್ಯಾರೆ ಮಾಡ್ರಿ, ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಕಲ್ಲಿಗಿ ಒಂದೇ ಜನ್ಮ ಅಂತ ಹ್ಯಾಂಗ ಅಂತೀರಿ? ಸನ್ನತಿ ಕಲ್ಲಿಗಿ ಎಷ್ಟು ಜನ್ಮ ಆಗ್ಯಾವ?

— ಸನ್ನತಿಯ ಉದಾಹರಣೆ ನನ್ನ ಬಾಯಿ ಕಟ್ಟುತ್ತದೆ. ಅಶೋಕನ ಕಾಲದಲ್ಲಿ ಧರ್ಮಲಿಪಿ ಕೊರೆದು ನಿಲ್ಲಿಸಿದ ಹಲಗೆ. ಆ ಲಿಪಿ ಓದುವವರು ಇಲ್ಲವಾದ ಮೇಲೆ ಯಾರೋ ಅದರ ನಡುವೆ ತೂತು ಕೊರೆದು ಕಾಳಮ್ಮನ ಮೂರ್ತಿ ನಿಲ್ಲಿಸುವ ಪೀಠ ಮಾಡಿದರು. 1980ರ ದಶಕದಲ್ಲಿ ಚಂದ್ರಲಾಂಬೆಯ ಆವರಣದ ಆ ಗುಡಿಯ ಮಾಳಿಗೆ ಕುಸಿದು ಮೂರ್ತಿ ಬಿದ್ದಾಗಲೇ ಪೀಠದ ಮೇಲಿನ ಅಕ್ಷರ ಹೊರಬಂದದ್ದು. ತೂತು ಕೊರೆದ ಕಡೆ ಅಕ್ಷರ ಹೋದವು. ಉಳಿದವು ಉಳಿದದ್ದು ದೇವಿಯ ಕೆಳಗೆ ಇದ್ದದ್ದಕ್ಕೆ. ಬಯಲಲ್ಲೇ ಬಿದ್ದಿದ್ದರೆ ಯಾರದೋ ಮನೆಯ ಹೊಸ್ತಿಲಾಗುತ್ತಿತ್ತು.

— ನಾ ಹೇಳೋದು ಅದೇ. ಕುಂಕುಮ ಹಚ್ಚಿದ ಕಲ್ಲಿಗಿ ಯಾರೂ ಸುತ್ತಿಗಿ ಹಚ್ಚಂಗಿಲ್ಲ. ಬೋರ್ಡ್ ಹಚ್ಚಿದ ಕಲ್ಲಿಗಿ ಹಚ್ಚತಾರ.

— ಪೂರ್ತಿ ಒಪ್ಪಲಾರೆ. ಕಥೆಯೇ ಕಲ್ಲು ಕೆಡಿಸಿದ್ದೂ ಉಂಟು. ಮೋರ್ಯರ ಮನೆಯಲ್ಲಿ ಬಂಗಾರ ಹುಗಿದಿದೆ ಅನ್ನುವ ಒಂದು ಮಾತು ಸಾಕು. ಅಮಾವಾಸ್ಯೆ ರಾತ್ರಿ ಗುದ್ದಲಿ, ಸಲಿಕೆ, ನಿಂಬೆಹಣ್ಣು ಹಿಡಿದು ಬರುತ್ತಾರೆ. ಚಪ್ಪಡಿ ಕೆಡವುತ್ತಾರೆ, ಮಡಕೆ ಒಡೆಯುತ್ತಾರೆ, ಎಲುಬು ಚೆಲ್ಲುತ್ತಾರೆ. ಒಳಗೆ ಬಂಗಾರದ ಬದಲು ತುಕ್ಕು ಹಿಡಿದ ಕಬ್ಬಿಣ, ಮಣ್ಣಿನ ಬೋಗುಣಿ. ಅದರಲ್ಲಿ ಒಂದು ಜನಾಂಗದ ಸಾವಿನ ವಿಧಿ ಇತ್ತು, ಒಂದೇ ರಾತ್ರಿಯಲ್ಲಿ ಹೋಯಿತು. ಪೂಜೆಯ ಕಥೆ ಕಾಯುತ್ತದೆ, ನಿಧಿಯ ಕಥೆ ತಿನ್ನುತ್ತದೆ. ಎರಡನ್ನೂ ಜಾನಪದ ಅಂತ ಒಂದೇ ಚೀಲಕ್ಕೆ ಹಾಕಿ ಮೆಚ್ಚಿಕೊಳ್ಳಲು ನನಗೆ ಮನಸ್ಸಿಲ್ಲ.

— ನಿಧಿ ಮಾತು ಹೇಳೋವ್ರು ಊರಾಗಿನವರಿಗಿಂತ ಹೊರಗಿನಿಂದ ಬರೋ ಮಾಟಮಂತ್ರದವರೇ ಹೆಚ್ಚು. ನಮ್ಮ ಮುದುಕ್ಯಾರು ಹಂಗ ಹೇಳಂಗಿಲ್ಲ. ಅಲ್ಲಿ ಹೋಗಬ್ಯಾಡ, ಮುಟ್ಟಬ್ಯಾಡ, ಕಾಲು ಹಚ್ಚಬ್ಯಾಡ ಅಂತಾರ. ಯಾವ ಕಥಿ ಯಾರ ಬಾಯಾಗಿಂದು ಅಂತ ನೋಡಬೇಕು.

— ಅದು ಕೇಳಬೇಕಾದ ಪ್ರಶ್ನೆ. ಬಳ್ಳಾರಿ ಸೀಮೆಯ ಕುಡತಿನಿಯ ಬೂದಿಗುಡ್ಡದಲ್ಲೂ ಹೀಗೇ ಆಯಿತು. ಭೀಮ ಕೊಂದ ಹಿಡಿಂಬಾಸುರನ ಬೂದಿ ಅಂತ ಊರವರು ಹೇಳುತ್ತಿದ್ದರು. ನವಶಿಲಾಯುಗದ ದನಗಾಹಿಗಳು ದನದ ದೊಡ್ಡಿಯ ಸಗಣಿ ಕೂಡಿಟ್ಟು ಸುಟ್ಟದ್ದು ಅಂತ ಆಮೇಲೆ ಗೊತ್ತಾಯಿತು, ಅದಕ್ಕೂ ಆಲ್ಚಿನ್ನೇ ದುಡಿದ. ಸುಟ್ಟದ್ದು ಅನ್ನುವ ನೆನಪನ್ನಾದರೂ ಕಥೆ ಹಿಡಿದಿತ್ತು. ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯ ಅವರು ವರ್ಷಗಟ್ಟಲೆ ಅಗೆದು ಆ ದೊಡ್ಡಿಯ ಜೊತೆ ಜನ ವಾಸಿಸಿದ ಜಾಗವನ್ನೂ ತೋರಿಸಿಕೊಟ್ಟರು. ಇರಲಿ, ಎಳ್ಳಮವಾಸ್ಯೆಯ ಕಲ್ಲಿನ ಬಗ್ಗೆ ಹೇಳಿ. ನೋಡಿದ್ದೇನೆ, ಆದರೆ ದೂರದಿಂದ. ಕಲಬುರಗಿಯವರಿಗೆ ಅವತ್ತು ಗೆಳೆಯರ ಹೊಲದ ಊಟದ ಮೇಲೇ ಕಣ್ಣು.

— ಆ ದಿನ ಹೊಲದಾಗ ಬಿಳಿಜ್ವಾಳ ತೆನಿ ಹಿಡದಿರ್ತದ, ಕಡ್ಲಿ ಹೂ ಬಿಟ್ಟಿರ್ತದ. ಹೊತ್ತು ಏರೂದ್ರಾಗ ಬಂಡಿ ಕಟಗೊಂಡು ಹೋಗ್ತೀವಿ, ಈಗ ಟ್ರ್ಯಾಕ್ಟರ್. ನಿಂತ ಜ್ವಾಳದಾಗ ಐದು ದಂಟು ಕೂಡಿಸಿ ತುದಿ ಕಟ್ಟಿದ್ರ ಗೂಡು ಆಯ್ತು, ಇಲ್ಲಂದ್ರ ಬನ್ನಿಗಿಡದ ಬುಡಕ್ಕ. ಅತ್ತಿ ಬದುವಿನ ಮ್ಯಾಲ ಅಡ್ಯಾಡಿ ಐದು ಕಲ್ಲು ಆರಿಸ್ತಾರ. ಯಾವುದು ಸಿಕ್ಕರ ಅದಲ್ಲ. ತಳ ಅಗಲಿರಬೇಕು, ನೆಟ್ಟಗ ನಿಂದರಬೇಕು. ನೀರಾಗ ತೊಳೀತಾರ, ಸುಣ್ಣ ಬಳೀತಾರ, ನಡುವ ಕುಂಕುಮ ಇಡ್ತಾರ. ಸಾಲಾಗಿ ಐದು, ಪಾಂಡವರು. ನಮ್ಮ ಮನ್ಯಾಗ ಸ್ವಲ್ಪ ಹಿಂದಕ್ಕ ಸರಿಸಿ ಇನ್ನೊಂದು ಇಡ್ತೀವಿ, ಅದು ಕರ್ಣ. ಅಣ್ಣತಮ್ಮಂದಿರೊಳಗ ಹುಟ್ಟಿ ಹೊರಗ ಉಳದವ, ಅವಗೂ ಒಂದು ಎಡಿ ಹೋಗಬೇಕಂತಾರ ಅತ್ತಿ. ಸಜ್ಜಿ ಕಡಬು, ಭಜ್ಜಿ ಪಲ್ಯ, ಶೇಂಗಾ ಹೋಳಿಗಿ, ಅಂಬಲಿ ಎಲ್ಲಾ ಎಡಿ ಹಿಡದು, ಚರಗ ತಗೊಂಡು ಹೊಲದ ನಾಕೂ ದಿಕ್ಕಿಗಿ ಚೆಲ್ಲಿ ಬರ್ತಾರ. ಆಮ್ಯಾಲ ಊಟ.

— ಊಟ ಆದ ಮೇಲೆ ಆ ಕಲ್ಲುಗಳು?

— ಅಲ್ಲೇ ಇರ್ತಾವ. ಮರುದಿನ ಅವಕ್ಕ ಯಾರೂ ಕೈ ಮುಗಿಯಂಗಿಲ್ಲ, ಯಾರೂ ಒಗಿಯಂಗೂ ಇಲ್ಲ. ಮಳಿಗಾಲದಾಗ ಸುಣ್ಣ ಹೋಗ್ತದ. ಕುಂಟಿ ಹೊಡಿಯೂಮುಂದ ಬದುವಿಗಿ ಸರಸ್ತಾರ. ಮುಂದಿನ ವರ್ಷ ಅತ್ತಿ ಮತ್ತ ಅವೇ ಕಲ್ಲು ಹುಡುಕ್ತಾರ. ಬಿಳಿ ಕಲಿ ಉಳದಿರ್ತದಲ್ಲ, ಗುರ್ತು ಸಿಗ್ತಾವ.

— ಇದನ್ನು ನಾನು ಪಾಠದಲ್ಲಿ ಹೇಳಲಿಲ್ಲವಲ್ಲ! ಮೇಘಾಲಯದ ಖಾಸಿ-ಜೈಂತಿಯಾ ಜನ ನಿಲಿಸುಗಲ್ಲು ನೆಡುವ ಪದ್ಧತಿಯನ್ನು ಇತ್ತೀಚಿನವರೆಗೂ ಉಳಿಸಿಕೊಂಡಿದ್ದರು, ನಾರ್ತಿಯಾಂಗ್‌ನಲ್ಲಿ ನಿಂತದ್ದು ಗಂಡು, ಮಲಗಿದ್ದು ಹೆಣ್ಣು ಅನ್ನುತ್ತಾರೆ, ಅಂತ ಹುಡುಗರಿಗೆ ದೂರದ ಉದಾಹರಣೆ ಕೊಡುತ್ತಿದ್ದೆ. ಕಲ್ಲು ಆರಿಸುವುದು, ನಿಲ್ಲಿಸುವುದು, ಹೆಸರಿಡುವುದು, ಉಣ್ಣಿಸುವುದು, ಇಷ್ಟೂ ಕೆಲಸ ಕಮಲಾಪುರದ ಹೊಲದಲ್ಲಿ ಪ್ರತಿ ವರ್ಷ ನಡೆಯುತ್ತಿದೆ. ನಿಮ್ಮ ಎಳ್ಳಮವಾಸ್ಯೆ ವಿಭೂತಿಹಳ್ಳಿಯವರ ಮುಂದುವರಿಕೆ ಅಂತ ನಾನು ಹೇಳಲಾರೆ. ಅದಕ್ಕೆ ಆಧಾರ ಬೇಕು. ಆದರೆ ವಿಭೂತಿಹಳ್ಳಿಯಲ್ಲಿ ಬಂಡೆ ಕೂಡಿಸಿದವರು ಏನು ಮಾಡುತ್ತಿದ್ದಿರಬಹುದು ಅಂತ ಊಹಿಸಲು ನಿಮ್ಮತ್ತೆಯ ಕೈ ನೋಡಬೇಕು. ತಳ ಅಗಲ ಇರಬೇಕು ಅಂದರಲ್ಲ, ಅದನ್ನು ಯಾವ ವರದಿಯೂ ಹೇಳುವುದಿಲ್ಲ.

— ಪಾಂಡವರ ಹೆಸರು ಮಾತ್ರ ಎಲ್ಲಾ ಕಡಿ ಬರ್ತದಲ್ಲ.

— ಬರುತ್ತದೆ. ಎಷ್ಟೋ ಊರಲ್ಲಿ ಕಲ್ಮನೆಗಳಿಗೆ ಪಾಂಡವರ ಗುಡಿ ಅನ್ನುತ್ತಾರೆ. ವನವಾಸದವರು ಎಲ್ಲಿ ಬೇಕಾದರೂ ಒಂದು ರಾತ್ರಿ ಇದ್ದಿರಬಹುದು, ಹಾಗಾಗಿ ಯಾರು ಕಟ್ಟಿದರೆಂದು ಗೊತ್ತಿಲ್ಲದ್ದೆಲ್ಲ ಅವರ ಪಾಲಿಗೆ. ನದಿಯಾಚೆ ತೆಲಂಗಾಣದ ಮುಡುಮಾಲಕ್ಕೆ ಹೋದರೆ ಹೆಸರು ಬದಲಾಗುತ್ತದೆ. ರಾಯಚೂರು ಸೀಮೆಗೆ ಎದುರಾಗಿ ಕೃಷ್ಣೆಯ ದಂಡೆಯ ಊರು, ಅಲ್ಲಿ ಆಳಿಗಿಂತ ಎರಡು ಪಟ್ಟು ಎತ್ತರದ ಖರೇ ನಿಲಿಸುಗಲ್ಲುಗಳಿವೆ. ಊರವರಿಗೆ ಅವು ತಿಮ್ಮಪ್ಪ, ಒಂದು ಕಲ್ಲು ಎಲ್ಲಮ್ಮ. 2025ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೆ ಸೇರಿತು, ಹಿರೇಬೆಣಕಲ್ಲು 2021ರಲ್ಲೇ ಸೇರಿತ್ತು. ಹೈದರಾಬಾದಿನ ವಿದ್ವಾಂಸರು ಅಳೆಯಲು ಬರುವ ಮೊದಲು ಆ ಕಲ್ಲುಗಳನ್ನು ನಿಲ್ಲಗೊಟ್ಟದ್ದು ತಿಮ್ಮಪ್ಪ, ಎಲ್ಲಮ್ಮನ ಹೆಸರುಗಳೇ.

— ಹಂಗಾದ್ರ ನಾ ಬಂದ ಕೆಲಸಕ್ಕ ಬರ್ತೀನಿ. ನಮ್ಮೂರ ಅಗಸಿ ಕಲ್ಲು ರಸ್ತಾ ಅಗಲ ಮಾಡೋ ಗುರ್ತಿನೊಳಗ ಬಂದದ. ಕಲಬುರಗಿಗಿ ಒಯ್ದು ಮ್ಯೂಸಿಯಂದಾಗ ಇಡ್ರಿ ಅಂತ ಕೆಲವರು, ಒಡದು ಹಾಕ್ರಿ ಅಂತ ಯಾರೂ ಇಲ್ಲ. ನೀವೇನಂತೀರಿ?

— ಕಲಬುರಗಿಗೆ ಬೇಡ. ಇಲ್ಲಿ ಕಾರಹುಣ್ಣಿಮೆಗೆ ಅದರ ಬಾಜೂಕೆ ಓಡಲು ಎತ್ತು ಎಲ್ಲಿಂದ ತರುವುದು? ಊರೊಳಗೇ ನಾಲ್ಕು ಮಾರು ಹಿಂದಕ್ಕೆ ಸರಿಸಿ. ಆದರೆ ಜೆಸಿಬಿ ಹಚ್ಚಬೇಡಿ. ಕೀಳುವ ಮೊದಲು ನಾಲ್ಕೂ ಬದಿಯ ಫೋಟೋ, ಎತ್ತರ, ಅಗಲ, ಮುಖ ಯಾವ ದಿಕ್ಕಿಗೆ, ಜಾಗದ ಸರ್ವೆ ನಂಬರು. ಬುಡದ ಮಣ್ಣು ಕೈಯಿಂದ ತೆಗೆಯಿರಿ, ಏನು ಸಿಕ್ಕರೂ ಅಲ್ಲೇ ಬಿಟ್ಟು ಬರೆದುಕೊಳ್ಳಿ. ಊರವರು ಅದರ ಬಗ್ಗೆ ಏನು ಹೇಳುತ್ತಾರೆ?

— ಮೂರು ಮನಿಯವರು ಮೂರು ಹೇಳ್ತಾರ. ಗೌಡರ ಮನ್ಯಾಗ, ಊರು ಕಟ್ಟೂಮುಂದ ನವಧಾನ್ಯ ಹಾಕಿ ನೆಟ್ಟದ್ದು ಅಂತಾರ. ಇನ್ನ ಕೆಲವರು, ಹೊರಗಿನ ಬ್ಯಾನಿ ಬಂದಾಗ ಅದು ಈ ಕಲ್ಲು ದಾಟಲಿಲ್ಲ, ದುರ್ಗವ್ವ ಇಲ್ಲಿ ಕುಂತು ತಡದಳು ಅಂತಾರ. ತಳವಾರರ ಮನ್ಯಾಗ, ಕಳ್ಳರು ಊರ ದನ ಹೊಡಕೊಂಡು ಹೊಂಟಾಗ ತಮ್ಮ ಹಿರ್ಯಾ ತಿರಿಗಿ ತಂದ, ಅಗಸ್ಯಾಗ ಸತ್ತ, ಅವನ ಕಲ್ಲು ಇದು ಅಂತಾರ.

— ಮೂರನೆಯದನ್ನು ಕಲ್ಲೇ ಹೇಳಬಹುದು. ತುರುಗೊಳ್ ವೀರಗಲ್ಲಾದರೆ ಸಾಮಾನ್ಯವಾಗಿ ಮೂರು ಅಂಕಣ ಇರುತ್ತವೆ. ಕೆಳಗಿನದರಲ್ಲಿ ದನ ಮತ್ತು ಕಾಳಗ, ನಡುವೆ ವೀರನನ್ನು ಅಪ್ಸರೆಯರು ಒಯ್ಯುವುದು, ಮೇಲೆ ಲಿಂಗದ ಮುಂದೆ ಅವನು, ನೆತ್ತಿಯಲ್ಲಿ ಸೂರ್ಯ-ಚಂದ್ರ. ನಿಮ್ಮ ಕಲ್ಲಿನ ಕೆಳಗಿನ ಅಂಕಣ ಮಣ್ಣಲ್ಲಿ ಹೂತಿರಬಹುದು, ಮೇಲಿನದು ಎಣ್ಣೆ-ಕುಂಕುಮದ ಒಳಗೆ ಇರಬಹುದು. ಎಬ್ಬಿಸಿದಾಗ ಬುಡದಲ್ಲಿ ದನದ ಕೊಂಬು ಕಂಡರೆ ತಳವಾರರ ಮನೆಯ ಮಾತು ದಾಖಲೆಯಾಗುತ್ತದೆ.

— ಕಾಣಲಿಲ್ಲಂದ್ರ?

— ಕಾಣದಿದ್ದರೂ ಮೂರೂ ಬರೆಯೋಣ. ಒಂದೇ ಹಾಳೆಯಲ್ಲಿ, ಅಳತೆಯ ಪಕ್ಕದಲ್ಲಿ, ನೀವು ಈಗ ಹೇಳಿದ ಮಾತಿನಲ್ಲೇ. ಮೂಢನಂಬಿಕೆ ಅನ್ನುವ ತಲೆಬರಹ ಹಾಕುವುದಿಲ್ಲ. ಯಾರು ಹೇಳಿದರು, ಅವರಿಗೆ ಯಾರು ಹೇಳಿದ್ದರು, ಅದನ್ನೂ ಸೇರಿಸೋಣ. ಮೊದಲು ಗೌಡರ ಮನೆಗೆ ಹೋಗೋಣವೇ?

— ಮದಲ ತಳವಾರರ ಮನಿಗಿ ಹೋಗಬೇಕು. ಆ ಕಲ್ಲಿಗಿ ಎಣ್ಣಿ ಹಚ್ಚೋ ಹಕ್ಕು ಅವರದು. ಅವರು ಹೂಂ ಅನ್ನದ ಹೊರತು ನಾವು ಟೇಪು ಹಚ್ಚಂಗಿಲ್ಲ.